ಗೆರೆ ಎಳೆಯದೆ ಉದ್ಯಾನ ಬರೆಯುವುದು ಹೇಗೆ?

ನೇರ ದಾರಿ, ಅಳೆದು ಕತ್ತರಿಸಿದ ಹಸಿರು ಬೇಲಿ, ನಡುವೆ ಅಲುಗಾಡದ ಕೊಳ. ಇಂಥ ಉದ್ಯಾನ ಬರೆಯಲು ಕೂತರೆ ಕೈ ತಾನಾಗಿ ಸ್ಕೇಲಿನತ್ತ ಹೋಗುತ್ತದೆ. ಆದರೆ ಗೆರೆಯ ಬದಲು ಬಣ್ಣದ ಚುಕ್ಕೆಗಳನ್ನೇ ಒತ್ತಾಗಿ ಇಟ್ಟು ಬರೆಯುವ ಚುಕ್ಕೆಚಿತ್ರದಲ್ಲಿ (ಪಾಯಿಂಟಿಲಿಸಂ) ಸ್ಕೇಲಿನ ಕೆಲಸ ಪೆನ್ಸಿಲ್ಲಿಗೇ ಮುಗಿಯಬೇಕು.

ಎ4 ಅಳತೆಯ ದಪ್ಪ ಹಾಳೆ ಸಾಕು. ಈ ಶೈಲಿಯನ್ನು ಹುಟ್ಟುಹಾಕಿದ ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾ, ಪ್ಯಾರಿಸ್ ಬಳಿಯ ಗ್ರಾಂದ್ ಜಾಟ್ ದ್ವೀಪದ ಭಾನುವಾರವನ್ನು 2 ಮೀಟರ್ ಎತ್ತರ, 3 ಮೀಟರ್ ಅಗಲದಲ್ಲಿ ಬರೆಯಲು ಹೊರಟು 1884ರಿಂದ 1886ರವರೆಗೆ ಕೂತಿದ್ದ. ಬಣ್ಣ ಆಕ್ರಿಲಿಕ್ ಇರಲಿ, ಬೇಗ ಒಣಗುತ್ತದೆ.

ಪೆನ್ಸಿಲ್ಲಿನಲ್ಲಿ ತೆಳುವಾಗಿ ಬೇಲಿ, ಕೊಳ ಗುರುತಿಸಿ. ಅಡ್ಡಗೆರೆ, ಬೆಳಕು ಕತ್ತಲೆಗಳ ಸಮಪಾಲು, ಬಿಸಿ ತಂಪು ಬಣ್ಣಗಳ ಸಮಪಾಲು, ಇವು ಮೂರು ಸೇರಿದರೆ ಚಿತ್ರ ಶಾಂತವಾಗುತ್ತದೆ ಎಂದು ಸ್ಯೂರಾ 1890ರ ಪತ್ರವೊಂದರಲ್ಲಿ ಬರೆದಿದ್ದ. ಹಾಗಾಗಿ ಕೊಳದ ಅಂಚು, ಬೇಲಿಯ ನೆತ್ತಿ ಎರಡನ್ನೂ ಅಡ್ಡಕ್ಕೆ ಮಲಗಿಸಿ. ಅರ್ಧ ಹಾಳೆ ನೆರಳಿಗೆ ಬಿಡಿ.

ಈಗ ಬೇಲಿ. ಹಳದಿ, ನೀಲಿ ಚುಕ್ಕೆ ಪಕ್ಕಪಕ್ಕ ಇಟ್ಟರೆ ಹಸಿರಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಕಣ್ಣಿಗೆ ಕಾಣುವುದು ಬೂದು. ಹಸಿರು ಬಣ್ಣವನ್ನೇ ಹಚ್ಚಿ. ಬಿಸಿಲಿನ ಮುಖಕ್ಕೆ ತಿಳಿಹಸಿರು, ಹಳದಿ, ಅಲ್ಲೊಂದು ಇಲ್ಲೊಂದು ಕಿತ್ತಳೆ. ನೆರಳಿನ ಮುಖಕ್ಕೆ ಕಡುಹಸಿರು, ನೀಲಿ, ನೇರಳೆ, ಜೊತೆಗೆ ಬೆರಳೆಣಿಕೆಯಷ್ಟು ಕೆಂಪು. ಹಸಿರಿಗೆ ಎದುರು ಬಣ್ಣ ಕೆಂಪು. ಹದವಾಗಿದ್ದರೆ ಹಸಿರು ಮಿನುಗುತ್ತದೆ, ಹೆಚ್ಚಾದರೆ ಬೇಲಿ ಒಣಗಿದಂತೆ ಕಾಣುತ್ತದೆ. ಎರಡು ಮುಖ ಕೂಡುವ ಕಡೆ ಗೆರೆ ಬೇಡ. ಒಂದು ಬದಿ ಕಡುಚುಕ್ಕೆಗಳನ್ನು ಒತ್ತಾಗಿಸಿ, ಇನ್ನೊಂದು ಬದಿ ತಿಳಿಚುಕ್ಕೆಗಳನ್ನು. ಅಂಚು ತಾನೇ ಏಳುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆಂದು ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲೇ ಪುಸ್ತಕ ಬರೆದಿದ್ದ. ಸ್ಯೂರಾ ಅದನ್ನು ಓದಿಕೊಂಡವನು.

ಒಂದು ಬಣ್ಣ ಒಣಗದೆ ಇನ್ನೊಂದಕ್ಕೆ ಕೈ ಹಾಕಬೇಡಿ. ಅವಸರಕ್ಕೆ ಹಸಿ ನೀಲಿಯ ಮೇಲೆ ಕಿತ್ತಳೆ ಇಟ್ಟು ಇಡೀ ಬೇಲಿಯನ್ನು ಕೆಸರು ಮಾಡಿಕೊಂಡವಳು ನಾನು.

ಕೊಳಕ್ಕೆ ಬೇಲಿಯ ಬಣ್ಣಗಳೇ, ತುಸು ಮಂಕಾಗಿ, ತಲೆಕೆಳಗಾಗಿ. ಚುಕ್ಕೆಗಳನ್ನು ಮಾತ್ರ ಅಡ್ಡಸಾಲಿನಲ್ಲಿ ಕೂರಿಸಿ, ಆಗಲೇ ನೀರು ಮಟ್ಟಸವಾಗಿ ನಿಲ್ಲುವುದು. ಆಕಾಶಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಆಗಾಗ ಹಾಳೆಯನ್ನು ಗೋಡೆಗೆ ಒರಗಿಸಿ ಹಿಂದೆ ಸರಿಯಿರಿ. 2 ಮಿಲಿಮೀಟರ್ ಚುಕ್ಕೆ ಕಣ್ಣಿಗೆ ಬಿಡಿಯಾಗಿ ಕಾಣದೆ ಪಕ್ಕದ ಬಣ್ಣದಲ್ಲಿ ಪೂರ್ತಿ ಕರಗಲು ಸುಮಾರು 7 ಮೀಟರ್ ದೂರ ಬೇಕು; 3 ಮೀಟರಿನಲ್ಲಿ ಅದು ಕರಗಿಯೂ ಕರಗದಂತೆ ಕಂಪಿಸುತ್ತದೆ. ನನಗೆ ಆ ದೂರವೇ ಇಷ್ಟ. ಕೊಳದಲ್ಲಿ ಆಕಾಶ ಬಿದ್ದ ಜಾಗದಲ್ಲಿ ಹಾಳೆಯ ಬಿಳಿಯನ್ನು ಅಲ್ಲಲ್ಲಿ ಹಾಗೇ ಉಳಿಸಿ. ಸಹಿಯನ್ನೂ ಚುಕ್ಕೆಯಲ್ಲೇ ಹಾಕಿ.