ದುರ್ಬೀನಿಗೂ ಸೂಕ್ಷ್ಮದರ್ಶಕಕ್ಕೂ ಒಂದೇ ಅಯಸ್ಕಾಂತದ ಬಳೆ

ಕುಂಬಳೆ ಆಸುಪಾಸಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿರುವುದು ಒಂದು ದುರ್ಬೀನು, ಕೆಲವು ಹಳೆಯ ಸೂಕ್ಷ್ಮದರ್ಶಕಗಳು. ನೋಡಬೇಕಾದ ಮಕ್ಕಳು ಒಂದು ತರಗತಿ ತುಂಬ. ಒಬ್ಬೊಬ್ಬರೇ ಬಂದು ಕಣ್ಣಿಟ್ಟು "ಕಂಡಿತು ಟೀಚರ್" ಎನ್ನುತ್ತಾರೆ. ಕಂಡದ್ದು ಈರುಳ್ಳಿಯ ಕೋಶವೋ ತಮ್ಮದೇ ರೆಪ್ಪೆಯ ಕೂದಲೋ, ತಿಳಿಯಲು ನನಗೆ ದಾರಿಯಿರಲಿಲ್ಲ. ಮೊಬೈಲಿನ ಪರದೆಯಲ್ಲಿ ತೋರಿಸಿದರೆ ಎಲ್ಲರೂ ಒಂದನ್ನೇ ನೋಡುತ್ತಾರೆ, ನಾನು ಬೆರಳಿಟ್ಟು ಹೇಳಬಹುದು.

ಆದರೆ ಕೈಯಲ್ಲಿ ಹಿಡಿದು ಇದು ಆಗುವ ಕೆಲಸವಲ್ಲ. ನಮ್ಮ ದುರ್ಬೀನು 8×42ರದ್ದು, ಅಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ ಐದೂಕಾಲು ಬರುತ್ತದೆ. ಕಣ್ಣಿಡುವ ಮಸೂರದಿಂದ, ಅಂದರೆ ಐಪೀಸಿನಿಂದ, ಹೊರಬೀಳುವ ಬೆಳಕಿನ ವೃತ್ತ ಅಷ್ಟೇ ಮಿಲಿಮೀಟರ್ ಅಗಲ. ಅದು ಕೂಡಿಬರುವುದು ಗಾಜಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದೆ. ಫೋನಿನ ಮಸೂರ ಆ ಜಾಗದಲ್ಲೇ ಕೂರಬೇಕು. ಸ್ವಲ್ಪ ಅತ್ತಿತ್ತ ಸರಿದರೆ ಒಂದು ಬದಿಯಿಂದ ಕಪ್ಪು ನೆರಳು ಮುಚ್ಚಿಕೊಂಡು ಬರುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ತಿರುಪಿನ ಹಿಡಿಕೆಗಳು ಕೆಲಸ ಮಾಡುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಫೋನನ್ನು ಅದರಲ್ಲಿ ಸಿಕ್ಕಿಸಿ, ಸರಿಸಿ, ತಿರುಪು ಬಿಗಿಯುವಷ್ಟರಲ್ಲಿ ಹಕ್ಕಿ ಇನ್ನೊಂದು ಮರಕ್ಕೆ ಹಾರಿರುತ್ತದೆ. ಕಿದೂರಿನ ಪೊದೆಗಳಲ್ಲಿ ಪಿಕಳಾರ ಯಾರಿಗೂ ಕಾಯುವುದಿಲ್ಲ. ನನಗೆ ಬೇಕಾಗಿದ್ದುದು ಗಟ್ಟಿ ಹಿಡಿತವಲ್ಲ. ಕಣ್ಣಿನಿಂದ ನೋಡುತ್ತಿದ್ದಂತೆಯೇ ಫೋನನ್ನು ಟಕ್ಕನೆ ಕೂರಿಸಿ, ಟಕ್ಕನೆ ತೆಗೆದು, ಮತ್ತೆ ಕೂರಿಸಿದಾಗಲೂ ಅದೇ ಜಾಗಕ್ಕೆ ಬರುವ ವ್ಯವಸ್ಥೆ.

ಅಯಸ್ಕಾಂತವೆಂದರೆ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಕಿಲೋ ಎತ್ತುತ್ತದೆ ಎಂದು. ಆ ಲೆಕ್ಕ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ನೇರವಾಗಿ ಎಳೆದಾಗಿನ ಬಲ ಅದು. ಅಡ್ಡಕ್ಕೆ ಜಾರಿಸಿದರೆ ಉಳಿಯುವುದು ಸುಮಾರು ಐದರಲ್ಲೊಂದು ಪಾಲು. ನಡುವೆ ದಪ್ಪ ಕವರೋ ಅಂಟುಪಟ್ಟಿಯೋ ಬಂದರೆ ಇನ್ನೂ ಕುಸಿಯುತ್ತದೆ. ಫೋನ್ ತೂಗುವುದು ಅಡ್ಡ ದಿಕ್ಕಿನಲ್ಲೇ. ಆದ್ದರಿಂದ ಅಯಸ್ಕಾಂತಕ್ಕೆ ಬರೀ ಹಿಡಿದುಕೊಳ್ಳುವ ಕೆಲಸ ಕೊಟ್ಟು, ಜಾಗ ತಪ್ಪದಂತೆ ನೋಡಿಕೊಳ್ಳುವ ಕೆಲಸವನ್ನು ಒಂದು ಅಂಚಿಗೆ ಒಪ್ಪಿಸಿದೆ.

ಆ ಅಂಚು ತೋಟದ ನೀರಾವರಿಯಲ್ಲಿ ಉಳಿದ 50 ಮಿಲಿಮೀಟರ್ ಪಿವಿಸಿ ಪೈಪಿನದು. ಎರಡು ಬೆರಳು ಅಗಲದ ತುಂಡು ಕತ್ತರಿಸಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದರೆ ದುರ್ಬೀನಿನ ಐಪೀಸಿನ ಮೇಲೆ ಬಿಗಿಯಾಗಿ ಕೂರುತ್ತದೆ. ಹಿಂದೆ ಮುಂದೆ ಸರಿಸಲೂ ಬರುತ್ತದೆ. ನಾಮಫಲಕ ಮಾಡುವ ಅಂಗಡಿಯಲ್ಲಿ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆಯಿಂದ ಎರಡು ಬಳೆಗಳನ್ನು ಕತ್ತರಿಸಿಕೊಂಡೆ: ಹೊರ ಅಗಲ 80, ನಡುವಿನ ತೂತು ಪೈಪಿನ ಸುತ್ತ ಸಲೀಸಾಗಿ ಇಳಿಯುವಷ್ಟು. ಒಂದು ಬಳೆಯನ್ನು ಪೈಪಿಗೆ ಅಂಟಿಸುವಾಗ ಪೈಪಿನ ತುದಿ ಎರಡು ಮಿಲಿಮೀಟರಿನಷ್ಟು ಮುಂದಕ್ಕೆ ಚಾಚಿಕೊಂಡಿರಬೇಕು. ಇನ್ನೊಂದು ಬಳೆ ಫೋನಿನ ಗಟ್ಟಿ ಕವರಿನ ಮೇಲೆ, ಕ್ಯಾಮೆರಾ ಸರಿಯಾಗಿ ನಡುವೆ ಬರುವಂತೆ. ಚಾಚಿದ ತುದಿ ಈ ತೂತಿನೊಳಗೆ ಹೊಕ್ಕಿತೆಂದರೆ ಫೋನ್ ಜಾರುವ ಮಾತೇ ಇಲ್ಲ.

ಪ್ರತಿ ಬಳೆಯಲ್ಲೂ ಮೂರು ತೂತು, ಮೂರು ನಿಯೋಡಿಮಿಯಮ್ ಅಯಸ್ಕಾಂತದ ಬಿಲ್ಲೆ, 10 ಮಿಲಿಮೀಟರ್ ಅಗಲ, 3 ದಪ್ಪ. ಇಲ್ಲಿ ಒಂದು ಉಪಾಯವಿದೆ. ದುರ್ಬೀನಿನ ಬಳೆಯಲ್ಲಿ ಎರಡು ಬಿಲ್ಲೆಗಳ ಉತ್ತರ ಧ್ರುವ ಹೊರಗೆ, ಒಂದರದು ಒಳಗೆ. ಫೋನಿನ ಬಳೆಯಲ್ಲಿ ಇದರ ತದ್ವಿರುದ್ಧ. ಆಗ ಫೋನ್ ಒಂದೇ ಒಂದು ಭಂಗಿಯಲ್ಲಿ ಅಂಟುತ್ತದೆ. ತಿರುಗಿಸಿ ಇಟ್ಟರೆ ಎರಡು ಬಿಲ್ಲೆಗಳು ದೂಡಿ ಹಿಂದಕ್ಕೆ ಕಳಿಸುತ್ತವೆ. ಬೆಳಗಿನ ಮಬ್ಬಿನಲ್ಲಿ ನೋಡದೆಯೇ ಕೂರಿಸಬಹುದು. ಕ್ಯಾಮೆರಾ ಇರುವುದು ಫೋನಿನ ಮೇಲ್ತುದಿಯಲ್ಲಾದ್ದರಿಂದ ಉಳಿದ ಭಾರವೆಲ್ಲ ಕೆಳಗೆ ತೂಗಿ ಮೇಲಿನ ಅಂಚನ್ನು ಸುಲಿಯಲು ನೋಡುತ್ತದೆ. ಹಾಗಾಗಿ ಮೂರರಲ್ಲಿ ಎರಡು ಬಿಲ್ಲೆಗಳು ಮೇಲ್ಭಾಗದಲ್ಲಿರಲಿ.

ಅಂಟಿಸುವ ಮೊದಲು ಜೋಡಿಗಳನ್ನು ಒಂದರ ಮೇಲೊಂದು ಇಟ್ಟು ಮುಖಗಳಿಗೆ ಮಾರ್ಕರಿನಿಂದ ಗುರುತು ಹಾಕಿಕೊಳ್ಳಿ. ಅಂಟು ಅರಾಲ್ಡೈಟ್‌ನಂತಹ ಎರಡು ಕೊಳವೆಯದೇ ಆಗಲಿ. ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿ ಗಾಜಿನ ಮೇಲೆ ಬಿಳಿ ಪೊರೆ ಕೂರಿಸುತ್ತದೆ, ಮಸೂರದ ಹತ್ತಿರ ಅದು ಬೇಡವೇ ಬೇಡ. ಒಂದು ಬದಿಗೆ ಅಯಸ್ಕಾಂತದ ಬದಲು ವಾಷರ್ ಸಾಕೆನ್ನುವವರು ಅಂಗಡಿಗೆ ಅಯಸ್ಕಾಂತ ಒಯ್ದು ಪರೀಕ್ಷಿಸಿ ತನ್ನಿ. ಹೊಳೆಯುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅದಕ್ಕೆ ಅಂಟುವುದಿಲ್ಲ.

ಫೋನಿಗೆ ತೊಂದರೆಯಾಗದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕೈ ನಡುಕವನ್ನು ಸರಿಪಡಿಸುವ ಕ್ಯಾಮೆರಾಗಳಲ್ಲಿ ಮಸೂರವನ್ನು ಸರಿಸುವುದೇ ಪುಟ್ಟ ಸುರುಳಿ ಮತ್ತು ಅಯಸ್ಕಾಂತ. ಹೊರಗಿನ ಬಿಲ್ಲೆ ಪಕ್ಕಕ್ಕೆ ಬಂದರೆ ಫೋಕಸ್ ತಡವರಿಸುತ್ತದೆ, ಚಿತ್ರ ನಡುಗುತ್ತದೆ. ನಮ್ಮ ಬಳೆಯಲ್ಲಿ ಬಿಲ್ಲೆಗಳ ನಡು ಮಸೂರದ ನಡುವಿನಿಂದ ಮೂರು ಸೆಂಟಿಮೀಟರಿಗಿಂತ ಆಚೆ ಇದೆ, ನನ್ನ ಫೋನಿಗೆ ಅಷ್ಟು ಸಾಕಾಗಿದೆ. ನಿಮ್ಮದರಲ್ಲಿ ಕ್ಯಾಮೆರಾ ತೆರೆದಿಟ್ಟು ಬಿಲ್ಲೆಯನ್ನು ನಿಧಾನವಾಗಿ ಹತ್ತಿರ ತಂದು ನೋಡಿ, ಚಿತ್ರ ಎಲ್ಲಿ ಕದಲುತ್ತದೆಂದು ತಿಳಿಯುತ್ತದೆ. ದಿಕ್ಸೂಚಿಯಂತೂ ಖಂಡಿತ ದಾರಿ ತಪ್ಪುತ್ತದೆ; ಕವರ್ ತೆಗೆದು ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಸರಿಹೋಗುತ್ತದೆ.

ಉಳಿದದ್ದು ಸಣ್ಣಪುಟ್ಟ ಕೆಲಸ. ದುರ್ಬೀನು ಸ್ಟ್ಯಾಂಡಿನ ಮೇಲಿರಲಿ. ಮುಖ್ಯ ಕ್ಯಾಮೆರಾವನ್ನೇ ಆರಿಸಿಕೊಳ್ಳಿ, ಇಲ್ಲವಾದರೆ ಜೂಮ್ ಮಾಡುವಾಗ ಫೋನ್ ತಾನಾಗಿ ಪಕ್ಕದ ಮಸೂರಕ್ಕೆ ಹಾರಿ ಪರದೆ ಕಪ್ಪಾಗುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ನಿಲ್ಲಿಸಿ, ಬೆಳಕನ್ನು ಸ್ವಲ್ಪ ಇಳಿಸಿ. ಶಿರಿಯಾ ಅಳಿವೆಯ ಕಡೆ ಬಿಳಿ ಹೊಟ್ಟೆಯ ಕಡಲ ಹದ್ದು ಕೂತಾಗ ಇದೆಲ್ಲಕ್ಕೂ ಪುರುಸೊತ್ತು ಸಿಗುತ್ತದೆ. 2023ರಲ್ಲಿ ಅದನ್ನು ಕಾಸರಗೋಡಿನ ಜಿಲ್ಲಾ ಪಕ್ಷಿಯೆಂದು ಘೋಷಿಸಿದ ಮೇಲೆ ಮಕ್ಕಳಿಗೂ ಅದರ ಮೇಲೆ ಒಂದು ಬಗೆಯ ಹಕ್ಕು ಬಂದುಬಿಟ್ಟಿದೆ. ಸೂರ್ಯನತ್ತ ಮಾತ್ರ ದುರ್ಬೀನು ತಿರುಗಿಸಕೂಡದು, ಫೋನ್ ಹಾಕಿದ್ದರೂ ಸರಿ.

ಸೂಕ್ಷ್ಮದರ್ಶಕಕ್ಕೂ ಇದೇ ಫೋನ್ ಕವರ್. 50ರ ಇನ್ನೊಂದು ತುಂಡಿನೊಳಗೆ ಕೊಳವೆಗೆ ಹೊಂದುವ ಚಿಕ್ಕ ಪೈಪನ್ನು ಸರಿಯಾಗಿ ನಡುವೆ ಬರುವಂತೆ ಅಂಟಿಸಿ, ಮತ್ತೊಂದು ಬಳೆ ಹಾಕಿದರಾಯಿತು. ಆದರೆ ನಿಖರತೆ ಬೇರೆಯೇ ಮಟ್ಟದ್ದು. 400 ಪಟ್ಟು ಹಿಗ್ಗಿಸಿದಾಗ ಹೊರಬೀಳುವ ಬೆಳಕಿನ ವೃತ್ತ ಒಂದು ಮಿಲಿಮೀಟರಿಗಿಂತ ಕಡಿಮೆ, ಅದೂ ಗಾಜಿಗೆ ತೀರಾ ಹತ್ತಿರ. ಹಾಗಾಗಿ 100 ಪಟ್ಟಿನಲ್ಲಿ ನಡುವನ್ನು ಹೊಂದಿಸಿಕೊಂಡು ಆಮೇಲೆ ಏರುತ್ತೇನೆ. ಶಾಲಾ ಸೂಕ್ಷ್ಮದರ್ಶಕದ ಐಪೀಸ್ ಕೊಳವೆಯಲ್ಲಿ ಸುಮ್ಮನೆ ಕೂತಿರುತ್ತದೆ; ಪೈಪು ಅದನ್ನಷ್ಟೇ ಹಿಡಿದಿದ್ದರೆ, ಫೋನ್ ಎಳೆದಾಗ ಐಪೀಸೂ ಕಿತ್ತು ಕೈಗೆ ಬರುತ್ತದೆ. ಪೈಪು ಕೊಳವೆಯನ್ನೂ ಸೇರಿಸಿ ಅಪ್ಪಿಕೊಳ್ಳುವಷ್ಟು ಉದ್ದವಿರಬೇಕು. ಫೋನನ್ನು ನೇರ ಎಳೆಯದೆ ಕೆಳತುದಿ ಹಿಡಿದು ಓರೆ ಮಾಡಿ ಬಿಡಿಸಬೇಕು.

ಕರಾವಳಿಯ ಗಾಳಿಗೆ ನಿಕ್ಕಲ್ ಲೇಪ ಎಲ್ಲಾದರೂ ಕೆತ್ತಿಹೋದರೆ ಬಿಲ್ಲೆ ತುಕ್ಕು ಹಿಡಿದು ಉಬ್ಬುತ್ತದೆ. ಮೇಲೆ ತೆಳುವಾಗಿ ಅದೇ ಅಂಟನ್ನು ಸವರಿದ್ದೇನೆ.

ಪಕ್ಕದ ಮನೆಯ ಅಜ್ಜನ ಎದೆಯಲ್ಲಿ ಪೇಸ್‌ಮೇಕರ್ ಇದೆ. ದುರ್ಬೀನನ್ನು ಕೊರಳಿಗೆ ಹಾಕಿಕೊಂಡರೆ ಅದು ತೂಗುವುದು ನೇರ ಎದೆಯ ಮೇಲೆ. ಅವರಿಗೆ ಕೊಡುವಾಗ ಪೈಪಿನ ಸಮೇತ ಬಳೆಯನ್ನು ಕಳಚಿ ದೂರ ಇಡುತ್ತೇನೆ. ಚಿಕ್ಕ ಮಕ್ಕಳು ಎರಡು ಬಿಲ್ಲೆ ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ತರಗತಿ ಮುಗಿದ ಮೇಲೆ ಪ್ರತಿ ಬಳೆಯಲ್ಲೂ ಮೂರಿವೆಯೇ ಎಂದು ಎಣಿಸಿಯೇ ಕಪಾಟಿಗೆ ಬೀಗ ಹಾಕುತ್ತೇನೆ.