ಒಂದೇ ಮೇಜು, ಎರಡು ಕನ್ನಡ

ದಾಳ ಸ್ಟೀಲ್ ತಟ್ಟೆಯ ಅಂಚಿಗೆ ತಾಗಿ ಠಣ್ ಅಂದಿತು. ಖಾರ ಮಂಡಕ್ಕಿಯ ತಟ್ಟೆ. ಅಲ್ಲಿಂದ ಎರಡು ಸುತ್ತು ಉರುಳಿ ನಿಂತಿತು. ಮೇಲೆ ಕಂಡದ್ದು 1. ಮೇಜಿನ ಸುತ್ತ ಐದು ಜನ ಕೂತಿದ್ದೆವು, ಯಾರೂ ಉಸಿರೆತ್ತಲಿಲ್ಲ. ಗೆಳೆಯನೊಬ್ಬ ಎರಡೂವರೆ ವರ್ಷ ಆಡಿಕೊಂಡು ಬಂದಿದ್ದ ಯೋಧ ಅಲ್ಲಿಗೆ ಸತ್ತ. ಆ ಗೆಳೆಯ ಇನ್ನು ಹತ್ತು ದಿನಕ್ಕೆ ಕೆಲಸದ ಮೇಲೆ ಪುಣೆಗೆ ಹೊರಡುವವನಿದ್ದ. ರಾತ್ರಿ ರೂಮಿಗೆ ಬಂದವನೇ ನಾನು ಆ ತಟ್ಟೆಯನ್ನೂ ಅದರ ಪಕ್ಕದ ದಾಳವನ್ನೂ ಬರೆದೆ. ಆ ಒಂದು ಚಿತ್ರದಿಂದ ಬೆಳೆದ ವೆಬ್‌ಕಾಮಿಕ್ ಕಥೆ ಮುಗಿಯುವ ಹೊತ್ತಿಗೆ 46 ಕಂತಾಗಿತ್ತು. ಅದನ್ನು ಹೇಗೆ ಬರೆದೆ, ಎಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಹೊರಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಸೇರಿ ಕಟ್ಟಿದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ನಾವು ಡಿಎಂ, ಅಂದರೆ ಡಂಜನ್ ಮಾಸ್ಟರ್, ಅನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ ಹಿಡಿದು, ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದಾಗ 20 ಮುಖದ ದಾಳ ಹಾಕುತ್ತಾರೆ. ವೇಷವಿಲ್ಲ, ರಂಗವಿಲ್ಲ. ಒಂದು ಮೇಜು, ಒಂದಿಷ್ಟು ಕಾಗದ, ಪೆನ್ಸಿಲ್, ದಾಳ.

ಮೊದಲ ದಿನ ಆಡಲು ಕೂತಾಗಲೇ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತ್ತು. ನಮ್ಮೂರು ಸಾಗರದ ಕಡೆ. ಅಪ್ಪಯ್ಯ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು, ಕೂರಲು ಒಂದು ಕುರ್ಚಿ. ಭಾಗವತರು ಪದ ಹೇಳಿ ಮುಗಿಸಿದರೆ ಹಗಲು ಅಡಿಕೆ ವ್ಯಾಪಾರ ಮಾಡುವ ಮನುಷ್ಯ ಕೃಷ್ಣನಾಗುತ್ತಿದ್ದ, ಎದುರಿಗೆ ಕೂತ ಮೇಷ್ಟ್ರು ಕೌರವನಾಗುತ್ತಿದ್ದರು. ಯಾವ ಮಾತನ್ನೂ ಯಾರೂ ಬರೆದುಕೊಟ್ಟಿರುತ್ತಿರಲಿಲ್ಲ. ಹೊಳೆದದ್ದನ್ನು ಅಲ್ಲೇ ಹೇಳಬೇಕು, ಎದುರಾಳಿ ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಸಂಧಾನ ಮುರಿದುಬೀಳುತ್ತದೆಂದು ಕೇಳುವವರಿಗೆಲ್ಲ ಗೊತ್ತು, ಯಾವ ಮಾತಿಗೆ ಮುರಿಯುತ್ತದೆ ಅನ್ನುವುದಷ್ಟೇ ಗೊತ್ತಿಲ್ಲ. ಶನಿವಾರ ರಾತ್ರಿ ನಮ್ಮ ಮೇಜಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಡಿಎಂ ನಮ್ಮ ಭಾಗವತರು. ಕೊನೆ ಏನಾಗುತ್ತದೆಂದು ಇಲ್ಲಿ ಅವರಿಗೂ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಗೊತ್ತಿದ್ದೂ ಮೊದಲ ಎಂಟು ಕಂತುಗಳಲ್ಲಿ ನಾನು ಬರೀ ಗುಹೆ, ಕತ್ತಿ, ಗಾಬ್ಲಿನ್‌ಗಳನ್ನೇ ಬರೆದೆ. ಮೇಜು ಒಂದೋ ಎರಡೋ ಚೌಕದಲ್ಲಿ ಬಂದು ಹೋಗುತ್ತಿತ್ತು. ಕಾಳಗದ ಪುಟಗಳಿಗೆ ಎಷ್ಟೋ ಸಂಜೆ ಸುರಿದೆ. ಓದಿದ ಸ್ನೇಹಿತೆಯೊಬ್ಬಳು ನೇರವಾಗಿ ಕೇಳಿದಳು: "ಇದರಲ್ಲಿ ರಘು ಯಾಕೆ ಯಾವಾಗಲೂ ಮುಂದೆ ಹೋಗಿ ನಿಲ್ತಾನೆ ಅಂತ ನನಗೆ ಗೊತ್ತಾಗ್ತಾ ಇಲ್ಲ ಕಣೋ." ರಘು ಅನ್ನುವುದು ಪುಣೆಗೆ ಹೋದ ಗೆಳೆಯನಿಗೆ ಕಾಮಿಕ್‌ನಲ್ಲಿ ನಾನಿಟ್ಟ ಹೆಸರು. ಅವನ ಯೋಧ ಮುಂದೆ ನಿಲ್ಲುವುದಕ್ಕೆ ಕಾರಣ ಗುಹೆಯಲ್ಲಿರಲಿಲ್ಲ, ಮೇಜಿನಲ್ಲಿತ್ತು. ಹೋಟೆಲ್ ಬಿಲ್ ಬಂದರೂ ಮೊದಲು ಕೈ ಚಾಚುವವನು ಅವನೇ. ಅದನ್ನು ತೋರಿಸದೆ ಯೋಧನನ್ನು ಎಷ್ಟು ಚೆಂದ ಬರೆದರೇನು? ಎಂಟು ಕಂತನ್ನೂ ತೆಗೆದುಹಾಕಿ ಮೊದಲಿಂದ ಶುರು ಮಾಡಿದೆ.

ಇಂಥ ಕಾಮಿಕ್ಸಿನಲ್ಲಿ ಎರಡು ದಾರಿಗಳಿವೆ. ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ 'ದಿ ಆರ್ಡರ್ ಆಫ್ ದ ಸ್ಟಿಕ್'ನಲ್ಲಿ ಮೇಜೂ ಇಲ್ಲ, ಆಡುವವರೂ ಇಲ್ಲ. ಆ ಲೋಕದ ಕಡ್ಡಿ ಮನುಷ್ಯರಿಗೇ ಆಟದ ನಿಯಮಗಳೆಲ್ಲ ಗೊತ್ತು. ಇನ್ನೊಂದು ದಾರಿಯಲ್ಲಿ ಆಡುವವರನ್ನೂ ತೋರಿಸಬೇಕು. ನನಗೆ ಎರಡನೆಯದೇ ಬೇಕಿತ್ತು, ನನ್ನ ಕಥೆ ಇದ್ದದ್ದೇ ಗೆಳೆಯರಲ್ಲಿ. ಆದರೆ ಓದುವವರು ಮೇಜಿನಿಂದ ಗುಹೆಗೆ, ಗುಹೆಯಿಂದ ಮೇಜಿಗೆ ತಡವರಿಸದೆ ಹೋಗಿಬರುವಂತೆ ಮಾಡುವುದು ಹೇಗೆ? ಬಣ್ಣ ಬದಲಿಸಿ ನೋಡಿದೆ, ಚೌಕಟ್ಟು ಬದಲಿಸಿ ನೋಡಿದೆ. ದಾರಿ ತೋರಿಸಿದ್ದು ಭಾಷೆ.

ಮೇಜಿನಲ್ಲಿ ನಾವು ಆಡುವುದು ಹೀಗೆ (ಎಚ್‌ಪಿ ಅಂದರೆ ಪಾತ್ರಕ್ಕೆ ಉಳಿದಿರುವ ಪ್ರಾಣದ ಲೆಕ್ಕ): "ಮಗಾ, ನಿನ್ನ ಎಚ್‌ಪಿ ಎಷ್ಟಿದೆ?" "ಏಳು ಕಣೋ. ಸುಮಾ, ಹೀಲ್ ಮಾಡೇ ಪ್ಲೀಸ್." ಅದೇ ಹೊತ್ತಿಗೆ ಗುಹೆಯೊಳಗೆ ಯೋಧ ಹೇಳುವುದು: "ಮೈಯಲ್ಲಿ ಉಸಿರಿದೆ, ಕೈಯಲ್ಲಿ ಕತ್ತಿಯಿದೆ. ಈ ಹೊಸ್ತಿಲು ದಾಟುವುದಕ್ಕೆ ಮತ್ತೇನು ಬೇಕು?" ಈ ಎರಡನೆಯ ಕನ್ನಡ ನನಗೆ ಅಪ್ಪಯ್ಯನ ಕುರ್ಚಿಯ ಹತ್ತಿರ ಕೂತು ಕೇಳಿ ಬಂದದ್ದು. ಕಾಮಿಕ್‌ನಲ್ಲಿ ಮಾತನ್ನು ಗುಳ್ಳೆಯೊಳಗೆ ಬರೆಯುತ್ತೇವಲ್ಲ, ಮೇಜಿನ ಮಾತಿಗೆ ಗೆರೆ ನೆಟ್ಟಗಿರುವ ಚೌಕ ಗುಳ್ಳೆ, ಗುಹೆಯ ಮಾತಿಗೆ ಕುಂಚದಲ್ಲಿ ಎಳೆದ ದುಂಡು ಗುಳ್ಳೆ ಎಂದು ಗೊತ್ತುಮಾಡಿಕೊಂಡೆ. ಅಲ್ಲಿಂದ ಮುಂದೆ 'ಇತ್ತ ಮೇಜಿನಲ್ಲಿ', 'ಅತ್ತ ಕೋಟೆಯಲ್ಲಿ' ಎಂಬ ಸೂಚನೆ ಒಂದೂ ಬೇಕಾಗಲಿಲ್ಲ. ಒಂದು ಸಾಲು ಓದಿದರೆ ಸಾಕು, ಎಲ್ಲಿದ್ದೇವೆ ಅನ್ನುವುದು ಕಿವಿಗೇ ತಿಳಿಯುತ್ತಿತ್ತು. ಕಳ್ಳನ ಪಾತ್ರ ಹಿಡಿದ ಕಿಟ್ಟಿ ಅರಸನೆದುರು ಗಂಭೀರವಾಗಿ ಮಾತಾಡುತ್ತಾ ನಡುವೆ "ಅಯ್ಯೋ ಒಂದ್ನಿಮಿಷ, ಅಮ್ಮ ಫೋನ್ ಮಾಡ್ತಿದಾರೆ" ಅಂದಾಗ ಅರ್ಧ ಗುಳ್ಳೆ ದುಂಡಗೆ, ಇನ್ನರ್ಧ ಚೌಕ. ಓದುಗರು ಹೆಚ್ಚು ಮೆಚ್ಚಿಕೊಂಡದ್ದು ಇಂಥ ಗುಳ್ಳೆಗಳನ್ನೇ.

ಇಂಗ್ಲಿಷ್ ಪದಗಳನ್ನು ಏನು ಮಾಡುವುದು ಎಂದು ಬಹಳ ಯೋಚಿಸಿದ್ದೆ. ಎಚ್‌ಪಿ, ಸ್ಪೆಲ್, ಲೆವೆಲ್, ಇವನ್ನೆಲ್ಲ ಕನ್ನಡ ಮಾಡಿ ಒಂದು ಪಟ್ಟಿಯನ್ನೇ ಬರೆದಿಟ್ಟುಕೊಂಡಿದ್ದೆ. ಮೇಜಿನ ಮಾತಿನಲ್ಲಿ ಅವನ್ನು ಬಳಸಿದರೆ ನನ್ನ ಗೆಳೆಯರು ನನ್ನ ಗೆಳೆಯರಂತೆ ಕೇಳಿಸುತ್ತಲೇ ಇರಲಿಲ್ಲ. ಹಾಗಾಗಿ ಮೇಜಿನಲ್ಲಿ ಅವು ಇದ್ದಹಾಗೇ ಇದ್ದವು. ಗುಹೆಯೊಳಗೆ ಮಾತ್ರ ಮಂತ್ರ, ಗಾಯ, ಪ್ರಾಣ.

ಇನ್ನು ಕಾಲದ ಲೆಕ್ಕ. ಆಟದ ನಿಯಮದಲ್ಲಿ ಕಾಳಗದ ಒಂದು ಸುತ್ತು ಅಂದರೆ ಕಥೆಯೊಳಗೆ 6 ಸೆಕೆಂಡು. ಐದು ಸುತ್ತಿನ ಕಾಳಗ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕೆ ನಮ್ಮ ಮೇಜಿನಲ್ಲಿ ಒಂದು ಸಲ ಎರಡು ಗಂಟೆ ಹಿಡಿದಿತ್ತು. ನಡುವೆ ಟೀ ಆಯಿತು, ಒಂದು ನಿಯಮದ ಬಗ್ಗೆ ಜಗಳವಾಯಿತು, ಕರೆಂಟ್ ಹೋಗಿ ಬಂತು. ಒಂದು ಪುಟ ಬರೆಯುವ ಮೊದಲು ಇದು ಯಾರ ಗಡಿಯಾರ ಅಂತ ನಿಶ್ಚಯ ಮಾಡಿಕೊಳ್ಳಲೇಬೇಕು. ಎರಡನ್ನೂ ಒಂದೇ ಪುಟದಲ್ಲಿ ಓಡಿಸಿದರೆ ಕಾಳಗವೂ ಎಳೆಯುತ್ತದೆ, ಹರಟೆಯೂ ಅವಸರದ್ದಾಗುತ್ತದೆ. ನಾನು ಕಾಳಗವನ್ನು ಮೂರು ನಾಲ್ಕು ಚೌಕಕ್ಕೆ ಇಳಿಸಿ, ಪುಟದ ಉಳಿದ ಭಾಗವನ್ನೆಲ್ಲ ಹರಟೆಗೆ ಕೊಟ್ಟೆ.

ದಾಳದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಸುಳ್ಳು ದಾಳ ಬರೆಯಬಾರದು. 20 ಮುಖದ ದಾಳದಲ್ಲಿ 20 ಬೀಳುವುದು ನೂರಕ್ಕೆ ಐದು ಸಲ. ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ ಸಿಕ್ಕಾಗಲೂ ಅದು 9.75ಕ್ಕೆ ಮಾತ್ರ ಏರುತ್ತದೆ. ಆದರೆ ಕಥೆ ಬರೆಯುವವರ ಕೈಯಲ್ಲಿ ಪ್ರತಿ ಸಂಕಟದಲ್ಲೂ 20 ಬೀಳುತ್ತದೆ. ಆಡಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆಡದವರಿಗೂ ಎಲ್ಲೋ ಸಪ್ಪೆ ಅನ್ನಿಸುತ್ತದೆ. ನಿಜವಾಗಿ ನಡೆದ ಆಟದಿಂದ ತೆಗೆದುಕೊಂಡ ಕಡೆ ನಿಜವಾಗಿ ಬಿದ್ದ ಸಂಖ್ಯೆಯನ್ನೇ ಇಟ್ಟೆ. ಸುಮಾ ಪ್ರತಿ ಶನಿವಾರದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು, ಅದು ನನಗೆ ಸಿಕ್ಕಿತು. ನಾನೇ ಕಟ್ಟಿದ ಪ್ರಸಂಗಗಳಲ್ಲಿ, ದಾಳ ಹಾಕುವ ಚೌಕದವರೆಗೆ ಬರೆದು ನಿಲ್ಲಿಸಿ, ಮೇಜಿನ ಮೇಲೆ ದಾಳ ಹಾಕಿ, ಬಿದ್ದದ್ದಕ್ಕೆ ತಕ್ಕಂತೆ ಮುಂದುವರಿಸಿದೆ. ಇದಕ್ಕೆ ಗೆದ್ದರೇನು, ಸೋತರೇನು ಎಂದು ಎರಡು ದಾರಿ ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ಸೋತ ದಾರಿ ಹೊಳೆಯದಿದ್ದರೆ ಅಲ್ಲಿ ದಾಳವನ್ನೇ ಹಾಕಿಸುವುದಿಲ್ಲ. ಪಾತ್ರ ಆ ಕೆಲಸ ಮಾಡಿತು ಅಂತಷ್ಟೇ ಬರೆದು ಮುಂದೆ ಹೋಗುತ್ತೇನೆ. ಒಳ್ಳೆಯ ಡಿಎಂಗಳು ಮೇಜಿನಲ್ಲಿ ಮಾಡುವುದೂ ಅದನ್ನೇ.

ಈಗ ಆ ರಾತ್ರಿಯ ಪುಟ. ಕಥೆ ಹೀಗೆ: ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳಲು ಎಲ್ಲರೂ ಒಂದು ಕಲ್ಲಿನ ಬಾಗಿಲು ದಾಟಬೇಕು. ಬಾಗಿಲನ್ನು ಯಾರಾದರೂ ಒಬ್ಬರು ಈಚೆಯಿಂದ ಎತ್ತಿ ಹಿಡಿಯಬೇಕು. ರಘು ತನ್ನ ಯೋಧ ಹಿಡಿಯುತ್ತಾನೆ ಅಂದ. ರಘು ಎರಡೂವರೆ ವರ್ಷದಲ್ಲಿ ಒಂದು ದಿನವೂ ಪಾತ್ರದ ಬಾಯಲ್ಲಿ ಮಾತಾಡಿದವನಲ್ಲ. "ನನ್ನ ಫೈಟರ್ ಹೊಡೀತಾನೆ", "ನನ್ನ ಫೈಟರ್ ಬಾಗಿಲು ಒದೀತಾನೆ", ಯಾವಾಗಲೂ ಹೀಗೇ. ಅವತ್ತು ಎಲ್ಲರೂ ದಾಟಿದ ಮೇಲೆ ಡಿಎಂ ಕೇಳಿದಳು, "ಅವರಿಗೆ ಏನಾದ್ರೂ ಹೇಳ್ತಾನಾ?" ಅವನು ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ, ನಮ್ಮ ಮುಖ ನೋಡದೆ ಹೇಳಿದ: "ನಾನು ಇಲ್ಲೇ ಇರ್ತೀನಿ. ನೀವು ಮುಂದೆ ಹೋಗಿ."

ಬಾಗಿಲು ಬಿತ್ತು. ಈಚೆಗೆ ಅವನು ಒಬ್ಬನೇ ನಿಂತು ಹೋರಾಡಿ ನೆಲಕ್ಕುರುಳಿದ. ಆಟದಲ್ಲಿ ಪ್ರಾಣ ಸೊನ್ನೆಗೆ ಇಳಿದವನು ತನ್ನ ಸರದಿ ಬಂದಾಗಲೆಲ್ಲ ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಹೋಗುತ್ತದೆ. 1 ಬಿದ್ದರೆ ಎರಡು ಸೋಲಿನ ಲೆಕ್ಕ. ಗುಣಪಡಿಸುವ ಮಂತ್ರ ಗೊತ್ತಿದ್ದ ಸುಮಾ ಕಲ್ಲಿನ ಆಚೆ ಇದ್ದಳು. ನೋಟ್‌ಬುಕ್ಕಿನಲ್ಲಿ ಆ ಸಾಲು ಹೀಗಿದೆ: 12, 7, 14, 1.

ಈ ಪುಟವನ್ನು ಮೂರು ಸಲ ಬರೆದೆ. ಮೊದಲ ಸಲ ಗುಹೆಯಲ್ಲಿ ಬಿದ್ದ ಯೋಧ, ಮೇಲಿಂದ ಬೀಳುವ ಬೆಳಕು. ಬೇರೆ ಯಾರೋ ಸತ್ತಂತಿತ್ತು. ಎರಡನೆಯ ಸಲ ಗೆಳೆಯರ ಮುಖಗಳು. ಕಣ್ಣೀರು ಬರೆದೆ, ಅವತ್ತು ಯಾರೂ ಅತ್ತಿರಲಿಲ್ಲ. ಮೂರನೆಯ ಸಲ ಮುಖಗಳನ್ನು ತೆಗೆದೆ, ಗುಹೆಯನ್ನೂ ತೆಗೆದೆ. ನಾಲ್ಕು ಚೌಕ, ನಾಲ್ಕರಲ್ಲೂ ಅದೇ ಮೇಜು, ಅದೇ ತಟ್ಟೆ, ಒಂದು ದಾಳ. ಹಿಂದಿನ ಪುಟಗಳಲ್ಲೆಲ್ಲ ತಟ್ಟೆಗೆ ಯಾರದಾದರೂ ಕೈ ಹೋಗುತ್ತಲೇ ಇರುತ್ತದೆ, ಮಂಡಕ್ಕಿ ಕರಗುತ್ತಲೇ ಇರುತ್ತದೆ. ಈ ನಾಲ್ಕು ಚೌಕದಲ್ಲಿ ಮಾತ್ರ ರಾಶಿ ಹಾಗೇ ನಿಂತಿದೆ. ಮೂರನೆಯ ಮತ್ತು ನಾಲ್ಕನೆಯ ಚೌಕದ ನಡುವೆ 2,000 ಪಿಕ್ಸೆಲ್ ಉದ್ದಕ್ಕೆ ಖಾಲಿ ಬಿಳಿ ಬಿಟ್ಟೆ. ನನ್ನ ಕಾಮಿಕ್ ಫೋನಿನಲ್ಲಿ ಕೆಳಗೆ ಸರಿಸುತ್ತಾ ಓದುವಂಥದ್ದು. ಹೆಬ್ಬೆರಳು ಸರಿಸುತ್ತಾ ಹೋದರೂ ದಾಳ ಬೀಳುವುದಿಲ್ಲ, ಇನ್ನೂ ಬೀಳುವುದಿಲ್ಲ. ಆಮೇಲೆ ಠಣ್.

ಉಳಿದದ್ದು ಅವನ ಆ ಒಂದು ಮಾತು. ಅದನ್ನು ಯಾವ ಗುಳ್ಳೆಯಲ್ಲಿ ಹಾಕುವುದು? ಆಡಿದ್ದು ಯೋಧ, ಕನ್ನಡ ಮೇಜಿನದ್ದು. ದುಂಡು ಗುಳ್ಳೆಯಲ್ಲಿ ಹಾಕಿ ಅಪ್ಪಯ್ಯನ ಕನ್ನಡಕ್ಕೆ ತಿರುಗಿಸಿ ನೋಡಿದೆ, "ನಾನಿಲ್ಲಿಯೇ ನಿಲ್ಲುವೆ" ಅಂತ. ಸತ್ವವೇ ಹೋಯಿತು. ಚೌಕ ಗುಳ್ಳೆಯಲ್ಲಿ ಹಾಕಿದರೆ ಬಾಗಿಲು ಎತ್ತಿ ಹಿಡಿದವನ ಮಾತಾಗಲಿಲ್ಲ. ನಾಲ್ಕು ದಿನ ಒದ್ದಾಡಿ ಕೊನೆಗೆ ಗುಳ್ಳೆಯ ಗೆರೆಯನ್ನೇ ಅಳಿಸಿದೆ. ಬಿಳಿಯ ಮೇಲೆ ಬರೀ ಅಕ್ಷರ. 46 ಕಂತಿನಲ್ಲಿ ಗೆರೆಯಿಲ್ಲದ ಮಾತು ಅದೊಂದೇ.

ಅಕ್ಷರದ ಕೆಲಸದ ಬಗ್ಗೆಯೂ ಹೇಳಬೇಕು, ಕನ್ನಡದಲ್ಲಿ ಕಾಮಿಕ್ ಮಾಡುವವರಿಗೆ ಇದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ. ಇಂಗ್ಲಿಷ್ ಗುಳ್ಳೆಯ ಅಳತೆ ನಮಗೆ ಆಗಿಬರುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ಅಸ್ತ್ರ' ಅನ್ನುವ ಪದದ ಕೆಳಗೆ 'ಕೀರ್ತಿ' ಬಂದರೆ ಒಂದರ ಬಾಲ ಇನ್ನೊಂದರ ತಲೆಗೆ ತಾಗುತ್ತದೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಪದಗಳೂ ಉದ್ದ, 'ಹೊರಟುಹೋಗಿಬಿಟ್ಟಿದ್ದಾನಂತೆ' ಎಂಬುದನ್ನು ಕಿರಿದಾದ ಗುಳ್ಳೆಯಲ್ಲಿ ಎಲ್ಲಿ ಮುರಿಯುವುದು? ಗುಳ್ಳೆಯನ್ನು ಅಡ್ಡಕ್ಕೆ ಅಗಲ ಮಾಡಿ, ಇಲ್ಲವೇ ಮಾತನ್ನೇ ತಿದ್ದಿ. ನಾನು ಚಿತ್ರವನ್ನು ಕ್ರಿಟಾದಲ್ಲಿ ಬರೆದು ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಕೂರಿಸಿದೆ, ಎರಡೂ ಉಚಿತ ತಂತ್ರಾಂಶ. ಮೇಜಿನ ಮಾತಿಗೆ ದುಂಡಗಿನ 'ಬಲೂ ತಮ್ಮ' ಫಾಂಟ್ ಚೆನ್ನಾಗಿ ಹೊಂದಿತು. ಮೊದಲು ಮಾತು ಬರೆದು, ಗುಳ್ಳೆ ಇಟ್ಟು, ಆಮೇಲೆ ಚಿತ್ರ ಬರೆಯುವುದು ಒಳ್ಳೆಯದು. ನಾನು ಉಲ್ಟಾ ಮಾಡಿ ಎಷ್ಟೋ ಚೌಕಗಳಲ್ಲಿ ಬರೆದ ಕೈಗಳನ್ನೆಲ್ಲ ಗುಳ್ಳೆಯಿಂದ ಮುಚ್ಚಿಬಿಟ್ಟಿದ್ದೆ.

ರಾಕ್ಷಸರ ಆಯ್ಕೆಯಲ್ಲೂ ಎಚ್ಚರ ಬೇಕು. ಆಟದ ಮೂಲ ನಿಯಮಗಳ ಒಂದು ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದು. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಕೆಲವರ ವಿವರ ಅದರಲ್ಲಿಲ್ಲ. ನನ್ನ ಖಳ ಮೈಂಡ್ ಫ್ಲೇಯರ್ ಆಗಿದ್ದ. ಅವನನ್ನು ಬಿಟ್ಟು ನನ್ನದೇ ಒಬ್ಬನನ್ನು ಮಾಡಿಕೊಂಡೆ.

ಶುರು ಮಾಡುವ ಮೊದಲೇ ನಾಲ್ಕೂ ಜನರನ್ನು ಕೇಳಿದ್ದೆ. ಹೆಸರು, ಮುಖ, ಕೆಲಸ ಎಲ್ಲ ಬದಲಾಯಿಸಿದ್ದೆ. ರಘು ಒಂದೇ ಮಾತು ಹೇಳಿದ್ದ, ಸಾಯುವ ಕಂತನ್ನು ಹಾಕುವ ಮುಂಚೆ ನನಗೆ ತೋರಿಸು ಅಂತ. ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ರಾತ್ರಿ ಪುಣೆಯಿಂದ ಫೋನ್ ಬಂತು. ಗೆರೆಯಿಲ್ಲದ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಆಫೀಸು, ಬಾಡಿಗೆ, ಮಳೆ ಅಂತ ಮಾತಾಡಿ ಕೊನೆಗೆ ಅಂದ, "ತಟ್ಟೆ ಬಲಗಡೆ ಬರ್ದಿದೀಯ. ನನ್ನ ಎಡಗಡೆ ಇತ್ತು ಕಣೋ, ಕಿಟಕಿ ಪಕ್ಕ."

ನಾಲ್ಕು ಚೌಕವನ್ನೂ ತಿದ್ದಿದೆ.