ತಣ್ಣಗಿನ ರಾಡಿಗೆ ಆರ್ಕ್ ಹತ್ತಿಸುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿ. ಆ 61 ದಿನ ಮಲ್ಪೆಯಲ್ಲಿ ನಮ್ಮಂಥ ವೆಲ್ಡರ್‌ಗಳಿಗೆ ಊಟಕ್ಕೂ ಪುರುಸೊತ್ತಿಲ್ಲ. ಹೊರಗೆ ಧೋ ಅಂತ ಮಳೆ, ತಲೆ ಮೇಲೆ ತಗಡಿನ ಮಾಡು. ಪ್ರತಿ ವರ್ಷ ಒಬ್ಬ ಹೊಸ ಹುಡುಗ ಕೆಲಸಕ್ಕೆ ಬರುತ್ತಾನೆ. ಅರ್ಧ ಗಂಟೆಯಲ್ಲಿ ಅವನ ದೂರು ಶುರು: "ಅಣ್ಣ, ರಾಡು ಅಂಟ್ತದೆ."

ಅಂಟದೆ ಎಂತ ಮಾಡ್ತದೆ ಮಾರಾಯ? ಮೊದಲ ವಾರ ನನಗೂ ಅಂಟಿತ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ನಾನು ಹೇಳುತ್ತೇನೆ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕರೆಂಟಿನ ಬೆಂಕಿಗೇ ಆರ್ಕ್ ಅನ್ನುವುದು. ಅದರ ಬಿಸಿಗೆ ಎರಡೂ ಕರಗಿ ಬೆಸೆಯುತ್ತವೆ.

ನಮ್ಮ ಮೆಷಿನ್ ಕೊಡುವುದು ಹೆಚ್ಚೆಂದರೆ 60ರಿಂದ 80 ವೋಲ್ಟ್. ಒಂದು ಮಿಲಿಮೀಟರ್ ಗಾಳಿಯನ್ನು ಹಾರಿ ದಾಟಲು ಕರೆಂಟಿಗೆ 3,000 ವೋಲ್ಟಿಗೂ ಜಾಸ್ತಿ ಬೇಕು. ಹಾಗಾದರೆ ರಾಡನ್ನು ಇನ್ನೂ ಹತ್ತಿರ ತಂದರೆ? ಆಗುವುದಿಲ್ಲ. ಎಷ್ಟು ದೂರಕ್ಕೆ ಎಷ್ಟು ವೋಲ್ಟ್ ಬೇಕು ಅಂತ ಜರ್ಮನಿಯ ವಿಜ್ಞಾನಿ ಪಾಶೆನ್ 1889ರಲ್ಲೇ ಅಳೆದಿದ್ದ. ಗಾಳಿಯಲ್ಲಿ ಎಷ್ಟು ಹತ್ತಿರ ಹಿಡಿದರೂ ಸುಮಾರು 330 ವೋಲ್ಟಿನ ಕೆಳಗೆ ಕಿಡಿ ಹಾರುವುದಿಲ್ಲ. ಅದಕ್ಕೇ ರಾಡನ್ನು ಮುಟ್ಟಿಸಲೇಬೇಕು.

ಮುಟ್ಟಿಸಿದಾಗ ಇಡೀ ತುದಿ ಮುಟ್ಟುವುದಿಲ್ಲ. ಕಣ್ಣಿಗೆ ಕಾಣದ ಒಂದೆರಡು ಉಬ್ಬುಗಳು ಮಾತ್ರ ತಾಗುತ್ತವೆ. ನೂರು ಆಂಪಿಯರ್ ಅಷ್ಟೂ ಆ ಚೂರಿನ ಮೂಲಕ ನುಗ್ಗಿದಾಗ ಅದು ಕರಗಿ, ಆವಿಯಾಗಿ ಸಿಡಿಯುತ್ತದೆ. ಆರ್ಕ್ ಹತ್ತುವುದು ಆ ಆವಿಯಲ್ಲಿ. ಬರೀ ಗಾಳಿಗಿಂತ ಲೋಹದ ಆವಿ ಕರೆಂಟಿಗೆ ಬೇಗ ಒಲಿಯುತ್ತದೆ. 6013 ಅನ್ನುವ ನಮೂನೆಯ ರಾಡಿನ ಹೊರಲೇಪದಲ್ಲಿರುವ ಪೊಟ್ಯಾಸಿಯಂ ಇನ್ನೂ ಬೇಗ. ಹೊಸಬರಿಗೆ ನಾನು ಇದೇ ರಾಡು ಕೊಡುವುದು ಸುಮ್ನೆ ಅಲ್ಲ.

ಈಗ ಕೈ. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ತಕ್ಷಣ ಎತ್ತಿ. ಎತ್ತುವುದು ರಾಡಿನ ದಪ್ಪದಷ್ಟೇ, ಅಂದರೆ 10 ನಂಬರ್ ದಪ್ಪದ ರಾಡಿಗೆ ಸುಮಾರು ಮೂರು ಮಿಲಿಮೀಟರ್. ನಿಧಾನ ಮಾಡಿದರೆ ಕರಗಿದ ಚೂರು ಹಾಗೇ ಗಟ್ಟಿಯಾಗಿ ಅಂಟುತ್ತದೆ. ಜಾಸ್ತಿ ಎತ್ತಿದರೆ ಆವಿ ಚದುರಿ ಆರ್ಕ್ ಸಾಯುತ್ತದೆ. ಅಂಟಿದರೆ ಗಾಬರಿಯಾಗಬೇಡಿ, ಪಕ್ಕಕ್ಕೆ ತಿರುಚಿ ಎಳೆಯಿರಿ. ಬರದಿದ್ದರೆ ಹೋಲ್ಡರ್‌ನಿಂದ ರಾಡು ಬಿಡಿಸಿ. ಮೆಷಿನ್ನಿನ ಇನ್ನೊಂದು ವಯರನ್ನು ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್ ಹಾಕುವ ಜಾಗದಲ್ಲಿ ತುಕ್ಕು, ಪೇಂಟ್ ಉಜ್ಜಿ ತೆಗೆದಿರಬೇಕು. ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಇನ್ನೊಂದು ಮಾತು. ಒಂದು ಮಳೆಗಾಲ ಒದ್ದೆ ಗ್ಲೌಸಿನಲ್ಲಿ ರಾಡು ಬದಲಿಸಲು ಹೋಗಿ ಮೊಣಕೈವರೆಗೆ ಜುಂ ಅನ್ನಿಸಿಕೊಂಡಿದ್ದೇನೆ. 80 ವೋಲ್ಟ್ ಅಂತ ಸಸಾರ ಮಾಡಬೇಡಿ. ಒಣ ಗ್ಲೌಸ್, ಕಾಲಡಿಗೆ ಒಣ ಹಲಗೆ, ಇವೆರಡು ಇಲ್ಲದೆ ನಾನು ಮೆಷಿನ್ ಆನ್ ಮಾಡುವುದಿಲ್ಲ.

ಟಿಗ್ ಅಂದರೆ ಕರಗುವ ರಾಡಿನ ಬದಲು ಟಂಗ್‌ಸ್ಟನ್ ಮೊನೆಯಿಂದ, ಆರ್ಗಾನ್ ಗ್ಯಾಸಿನ ನಡುವೆ ಆರ್ಕ್ ಹತ್ತಿಸುವ ವೆಲ್ಡಿಂಗ್. ಅದರಲ್ಲಿ ಗೀರಬಾರದು, ಟಂಗ್‌ಸ್ಟನ್ ಹಾಳಾಗುತ್ತದೆ. ಅಲ್ಲಿ ಎಚ್‌ಎಫ್, ಅಂದರೆ ಹೈ ಫ್ರೀಕ್ವೆನ್ಸಿ ಇದೆ. ಕೆಲವು ಸಾವಿರ ವೋಲ್ಟಿನ ಕಿಡಿ ಆರ್ಗಾನಿನಲ್ಲಿ ದಾರಿ ತೆರೆದು ಕೊಡುತ್ತದೆ. ಆದರೆ ಆ ಕ್ಷಣದಲ್ಲಿ ಟಂಗ್‌ಸ್ಟನ್ ಇನ್ನೂ ತಣ್ಣಗಿದೆ, ನೋಡಿ. ತಣ್ಣಗಿನ ಲೋಹ ಎಲೆಕ್ಟ್ರಾನುಗಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ ಹೊತ್ತಿಕೊಂಡು, ಅಲ್ಲಿಂದ ಮಾತ್ರ ಎಲೆಕ್ಟ್ರಾನುಗಳು ಹೊರಡುತ್ತವೆ. ಮೇಲೆ ಕೊಳೆ ಇದ್ದರೆ ಚುಕ್ಕೆ ತುದಿ ಬಿಟ್ಟು ಪಕ್ಕಕ್ಕೆ ಓಡುತ್ತದೆ, ಆರ್ಕ್ ಓಲಾಡುತ್ತದೆ. ತುದಿ ಕಾದ ಮೇಲೆ ಇಡೀ ಮೊನೆಯಿಂದ ಎಲೆಕ್ಟ್ರಾನುಗಳು ಆವಿಯ ಹಾಗೆ ಏಳುತ್ತವೆ. ಸದ್ದೇ ಬದಲಾಗುತ್ತದೆ, ಕಿವಿಗೊಟ್ಟರೆ ಗೊತ್ತಾಗುತ್ತದೆ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಗೆ, ಹಾಗಾಗಿ ಆ ಬಿಸಿಯನ್ನು ತಡೆಯುತ್ತದೆ. ಮೊನೆಯನ್ನು ಉದ್ದುದ್ದ ಗ್ರೈಂಡ್ ಮಾಡಿ, ಅಡ್ಡಡ್ಡ ಬೇಡ. ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಲ್ಯಾಂಥನಂ ಬೆರೆತ ಟಂಗ್‌ಸ್ಟನ್ ಬೇಗ ಹತ್ತುತ್ತದೆ.

ನನಗೆ ಇವತ್ತಿಗೂ ಮಜಾ ಅನ್ನಿಸುವುದು ಅಲ್ಯೂಮಿನಿಯಂ. ಉಡುಪಿಯ ಅಡುಗೆಯವರು ಬಿರುಕು ಬಿಟ್ಟ ದೊಡ್ಡ ಪಾತ್ರೆ ತರುತ್ತಾರೆ. ಅದಕ್ಕೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು ಬೇಕು. ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್‌ನಲ್ಲಿ ಸೆಕೆಂಡಿಗೆ 50 ಸಲ ಪಾತ್ರೆಯೇ ನೆಗೆಟಿವ್ ಆಗುತ್ತದೆ, ಅಂದರೆ ಎಲೆಕ್ಟ್ರಾನು ಕೊಡುವ ಸರದಿ ಪಾತ್ರೆಯದ್ದು. 660 ಡಿಗ್ರಿಗೇ ಕರಗುವ ಈ ಲೋಹದಿಂದ ಬಿಸಿಗೆ ಎಲೆಕ್ಟ್ರಾನ್ ಏಳುವ ಮಾತೇ ಇಲ್ಲ. ಪ್ರತಿ ಸಲವೂ ತಣ್ಣಗಿನ ಲೋಹದ ಮೇಲೆ ಹೊಸದಾಗಿ ಹತ್ತಬೇಕು. ಅದಕ್ಕೇ ಅಲ್ಲಿ ಎಚ್‌ಎಫ್ ಕೊನೆವರೆಗೂ ಆನ್ ಇರಲಿ, ಇಲ್ಲದಿದ್ದರೆ ಆರ್ಕ್ ತಡವರಿಸುತ್ತದೆ.

ಈ ತಾಪತ್ರಯದಿಂದ ಒಂದು ಲಾಭವೂ ಇದೆ. ಚುಕ್ಕೆಗಳಿಗೆ ಅಲ್ಯೂಮಿನಿಯಂ ಮೇಲೆ ಕೂತಿರುವ ಆಕ್ಸೈಡ್ ಪದರವೇ ಇಷ್ಟ. ಅದನ್ನು ಹುಡುಕಿಕೊಂಡು ಹೋಗಿ ಕಿತ್ತು ಹಾಕುತ್ತವೆ. ಸ್ಕ್ರೀನ್ ಹಾಕಿಕೊಂಡೇ ನೋಡಿ, ಕರಗಿದ ಗುಂಡಿಯ ಸುತ್ತ ಸಣ್ಣ ಕಿಡಿಗಳು ಇರುವೆಗಳ ಹಾಗೆ ಓಡುತ್ತಿರುತ್ತವೆ. ಅವು ಹೋದ ಜಾಗ ಬೆಳ್ಳಗಾಗುತ್ತದೆ. ಬಿಳಿ ಅಂಚು ಕಂಡರೆ ಫಿಲ್ಲರ್, ಅಂದರೆ ಬಿರುಕು ತುಂಬುವ ತಂತಿ ಹಾಕಿ. ಕಪ್ಪಾಗಿಯೇ ಉಳಿದರೆ ನಿಲ್ಲಿಸಿ, ಮೊದಲು ಆರ್ಗಾನ್ ಸರಿಯಾಗಿ ಬರುತ್ತಿದೆಯಾ ನೋಡಿ. ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬ್ರಶ್ ಹಿಡಿಯಿರಿ. ಕಬ್ಬಿಣ ಉಜ್ಜಿದ ಬ್ರಶ್ ಮಾತ್ರ ಬೇಡ.